ಸರ್ವರ್ ಯಾರಿಗಾಗಿ ಕಾಯುತ್ತಿದೆ?

ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜು ಲ್ಯಾಬುಗಳಲ್ಲಿ, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ ಲೆಕ್ಕದ ಕೋಣೆಗಳಲ್ಲಿ ಉಬುಂಟು ಸರ್ವರ್ ನೋಡಿಕೊಳ್ಳುವ ಹುಡುಗರ ನಡುವೆ ಒಂದು ಮಂತ್ರ ಓಡಾಡುತ್ತಿದೆ. ಅಪ್‌ಗ್ರೇಡ್ ಹ್ಯಾಂಗ್ ಆಯಿತೇ? ಲಾಕ್ ಫೈಲ್ ಡಿಲೀಟ್ ಮಾಡು. ಆಗಲೂ ಆಗದಿದ್ದರೆ ಪವರ್ ಬಟನ್ ಒತ್ತು. ಮೂಢನಂಬಿಕೆ ಹುಟ್ಟುವುದೇ ಹೀಗೆ: ಒಮ್ಮೆ ಫಲಿಸಿದ್ದನ್ನು ಹತ್ತು ಜನರಿಗೆ ಹೇಳುತ್ತೇವೆ, ಕೆಟ್ಟ ಸಲದ ಲೆಕ್ಕ ಯಾರೂ ಇಡುವುದಿಲ್ಲ. ವಿಜ್ಞಾನ ಓದಿದವರೇ ಇದನ್ನು ಹರಡುತ್ತಿರುವುದು ನನಗೆ ನಿಜಕ್ಕೂ ಚಿಂತೆ ತರುತ್ತದೆ.

ಎರಡು ಅಪ್‌ಗ್ರೇಡ್ ಒಟ್ಟಿಗೆ ಓಡದಂತೆ ತಡೆಯುವ ಬೀಗ ಆ ಫೈಲೇ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಪ್ಯಾಕೇಜುಗಳನ್ನು, ಅಂದರೆ ಸಾಫ್ಟ್‌ವೇರ್ ಕಟ್ಟುಗಳನ್ನು, ಸರ್ವರಿಗೆ ಹಾಕುವ ಡಿಪಿಕೆಜಿಯ ಫೋಲ್ಡರಿನಲ್ಲಿ 'ಲಾಕ್-ಫ್ರಂಟೆಂಡ್' ಎಂಬ ಫೈಲ್ ಅಪ್‌ಗ್ರೇಡ್ ನಡೆಯದಿದ್ದಾಗಲೂ ಅಲ್ಲೇ ಬಿದ್ದಿರುತ್ತದೆ, ಒಳಗೆ ಒಂದಕ್ಷರವೂ ಇಲ್ಲದೆ. ನಿಜವಾದ ಬೀಗ ಇರುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ನೆನಪಿನಲ್ಲಿ. ಡಿಸ್ಕಿನ ಪ್ರತಿ ಫೈಲಿಗೂ ಹೆಸರಿನ ಹಿಂದೆ ಐನೋಡ್ ಎಂಬ ಸಂಖ್ಯೆ ಇದೆ. 'ಈ ಐನೋಡ್ ಸದ್ಯ ಈ ಪ್ರೋಸೆಸ್ಸಿನ (ಓಡುತ್ತಿರುವ ಪ್ರೋಗ್ರಾಮಿನ) ವಶದಲ್ಲಿದೆ' ಎಂದು ಕರ್ನಲ್ ಗುರುತು ಹಾಕಿಕೊಳ್ಳುತ್ತದೆ. ಆ ಪ್ರೋಸೆಸ್ ಸತ್ತ ಕ್ಷಣವೇ ಗುರುತು ಅಳಿಯುತ್ತದೆ. ಹಾಗಾಗಿ ಬೀಗ ಇನ್ನೂ ಇದೆ ಎಂದರೆ ಅದನ್ನು ಹಿಡಿದವರು ಬದುಕಿದ್ದಾರೆ ಎಂದೇ ಅರ್ಥ.

ಈಗ ಫೈಲ್ ಡಿಲೀಟ್ ಮಾಡಿದಿರಿ ಎನ್ನಿ. ಹೋಗುವುದು ಹೆಸರು ಮಾತ್ರ. ಹಳೆಯ ಪ್ರೋಸೆಸ್ ಹಳೆಯ ಐನೋಡನ್ನು ಹಿಡಿದುಕೊಂಡೇ ಇರುತ್ತದೆ. ಡಿಪಿಕೆಜಿಯಿಂದ ಕೆಲಸ ಮಾಡಿಸುವ ಆಪ್ಟ್ ಆಜ್ಞೆಯನ್ನು ನೀವು ಮತ್ತೆ ಓಡಿಸಿದಾಗ ಅದೇ ಹೆಸರಿನ ಹೊಸ ಫೈಲ್, ಹೊಸ ಐನೋಡ್ ಹುಟ್ಟುತ್ತದೆ, ಬೀಗ ಸಲೀಸಾಗಿ ಸಿಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಟ್ಟದ ರೈಲು ಹಾದಿ 57 ಸುರಂಗಗಳ ಒಂಟಿ ಹಳಿ. ಇಂಥ ಒಂಟಿ ಹಳಿಗಳಲ್ಲಿ ಚಾಲಕನಿಗೆ ಟೋಕನ್ ಚೆಂಡು ಕೊಟ್ಟು ಬಿಡುವ ಪದ್ಧತಿ ನಮ್ಮ ರೈಲ್ವೆಯಲ್ಲಿ ಬಹುಕಾಲ ಇತ್ತು. ಟೋಕನ್ ಬರಲಿಲ್ಲವೆಂದು ಸ್ಟೇಷನ್ ಮಾಸ್ತರರು ತಾವೇ ಒಂದು ಹೊಸ ಚೆಂಡು ಮಾಡಿ ಇನ್ನೊಂದು ಗಾಡಿ ಬಿಟ್ಟರೆ, ಸುರಂಗದೊಳಗಿನ ಗಾಡಿ ಮಾಯವಾಗುವುದಿಲ್ಲ. ಇಲ್ಲಿ ಡಿಕ್ಕಿಯಾಗುವುದು 'ಸ್ಟೇಟಸ್' ಫೈಲಿನಲ್ಲಿ. ಯಾವ ಪ್ಯಾಕೇಜ್ ಯಾವ ಹಂತದಲ್ಲಿದೆ ಎಂಬ ಇಡೀ ಸರ್ವರಿನ ಲೆಕ್ಕ ಇರುವುದು ಅದರಲ್ಲೇ.

ಈ ಕಾಯುವಿಕೆಯ ಸಿದ್ಧಾಂತಕ್ಕೆ ಒಳ್ಳೆಯ ಚರಿತ್ರೆ ಇದೆ. ಒಂದು ಪ್ರೋಗ್ರಾಮ್ ಮುಗಿಯುತ್ತದೋ ಇಲ್ಲವೋ ಎಂದು ಎಲ್ಲ ಸಂದರ್ಭಕ್ಕೂ ಹೇಳಬಲ್ಲ ವಿಧಾನ ಇರಲಾರದೆಂದು ಟ್ಯೂರಿಂಗ್ 1936ರಲ್ಲೇ ತೋರಿಸಿದರು. ಆದರೆ 'ಈಗ ಯಾರಿಗಾಗಿ ಕಾಯುತ್ತಿದೆ' ಎಂಬ ಚಿಕ್ಕ ಪ್ರಶ್ನೆಗೆ ಉತ್ತರ ಸಿಗುತ್ತದೆ. 1971ರಲ್ಲಿ ಕಾಫ್‌ಮನ್ ಮತ್ತು ಸಂಗಡಿಗರು ಡೆಡ್‌ಲಾಕಿಗೆ, ಅಂದರೆ ಒಬ್ಬರಿಗೊಬ್ಬರು ಕಾದು ಎಲ್ಲರೂ ನಿಂತುಹೋಗುವುದಕ್ಕೆ, ನಾಲ್ಕು ಷರತ್ತು ಗುರುತಿಸಿದರು: ವಸ್ತು ಒಮ್ಮೆಗೆ ಒಬ್ಬರದೇ, ಇರುವುದನ್ನು ಬಿಡದೆ ಇನ್ನೊಂದಕ್ಕೆ ಕಾಯುವುದು, ಯಾರೂ ಕಿತ್ತುಕೊಳ್ಳದಿರುವುದು, ಕಾಯುವಿಕೆ ಸುತ್ತಿ ತನ್ನ ಬಳಿಗೇ ಬರುವುದು. ಪ್ಯಾಕೇಜಿನ ಕೊನೆಯ ಸ್ಕ್ರಿಪ್ಟ್, ಹಿನ್ನೆಲೆಯಲ್ಲಿ ಓಡುವ ಒಂದು ಸರ್ವೀಸನ್ನು ರೀಸ್ಟಾರ್ಟ್ ಮಾಡಿ ಕಾಯುತ್ತದೆ ಎನ್ನಿ. ಆ ಸರ್ವೀಸ್ ಶುರುವಾಗುವಾಗ ತಾನೇ ಆಪ್ಟ್ ಕರೆದು ಬೀಗಕ್ಕೆ ಕಾಯುತ್ತದೆ. ನಾಲ್ಕೂ ಕೂಡಿದವು. ನಮ್ಮ ಕೈಯಲ್ಲಿರುವುದು ಮೂರನೆಯದು. ಆ ಒಂದು ಸರ್ವೀಸನ್ನು ಕೊಂದರೆ ಗಂಟು ಬಿಚ್ಚುತ್ತದೆ, ಸರ್ವರನ್ನೇ ಆರಿಸಬೇಕಿಲ್ಲ.

ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ನಿಯಂತ್ರಣ ಕೇಂದ್ರ 1982ರಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಹತ್ತಿರ ಹೋಗಿ ಸ್ವಿಚ್ ಒತ್ತುವ ಮಾತೇ ಅಲ್ಲಿಲ್ಲ. ಮೊದಲು ಟೆಲಿಮೆಟ್ರಿ (ಉಪಗ್ರಹ ಕಳಿಸುವ ತನ್ನ ಸ್ಥಿತಿಯ ವಿವರ) ಓದಬೇಕು, ಆಮೇಲೆ ಆಜ್ಞೆ. ನಮ್ಮೂರಿನ ಪಕ್ಕದಲ್ಲೇ ಇಂಥ ಶಿಸ್ತು ಇರುವಾಗ ಮೇಜಿನ ಕೆಳಗಿನ ಪೆಟ್ಟಿಗೆಗೆ ಅಷ್ಟಾದರೂ ತಾಳ್ಮೆ ಬೇಡವೇ?

ಇನ್ನೊಂದು ಟರ್ಮಿನಲ್ ತೆರೆದು ಯಾವ ಪ್ರೋಸೆಸ್ ಯಾವುದರ ಮಗು ಎಂದು ತೋರಿಸುವ ಪಿಎಸ್‌ಟ್ರೀ ನೋಡಿ. ಆಪ್ಟ್, ಅದರಡಿ ಡಿಪಿಕೆಜಿ, ಅದರಡಿ ಸ್ಕ್ರಿಪ್ಟ್. ಕಟ್ಟಕಡೆಯ ಮಗುವೇ ಸಾಮಾನ್ಯವಾಗಿ ಉತ್ತರ. ಬಹಳ ಸಲ ಅದು ಒಂದು ಪ್ರಶ್ನೆ ಕೇಳಿ ಕೂತಿರುತ್ತದೆ: ಹಳೆಯ ಕಾನ್ಫಿಗ್ ಫೈಲ್ ಇಟ್ಟುಕೊಳ್ಳಲೇ, ಯಾವ ಸರ್ವೀಸ್ ರೀಸ್ಟಾರ್ಟ್ ಮಾಡಲಿ? ಔಟ್‌ಪುಟ್ಟನ್ನು ಲಾಗಿಗೆ ತಿರುಗಿಸಿದ್ದರೆ ಪ್ರಶ್ನೆ ಯಾರಿಗೂ ಕಾಣಿಸದು. ಪಿಎಸ್ ಆಜ್ಞೆ ತೋರಿಸುವ ಅದರ ಸ್ಥಿತಿ 'ಡಿ' ಎಂದಿದ್ದರೆ ಅದು ಹೆಚ್ಚಾಗಿ ಡಿಸ್ಕಿಗೋ ನೆಟ್‌ವರ್ಕ್ ಸ್ಟೋರೇಜಿಗೋ ಕಾಯುತ್ತಿದೆ, ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ 9 ಕೂಡ ಆಗ ನಾಟುವುದಿಲ್ಲ. 'ಆರ್' ಎಂದಿದ್ದರೆ ಕೆಲಸ ನಡೆಯುತ್ತಿದೆ. ಹಳೆಯ ಯಂತ್ರದಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಬೇಕಾಗುವ ಫೈಲುಗಳ ಗಂಟು) ಕಟ್ಟುವುದಕ್ಕೆ ನಿಮಿಷಗಳೇ ಬೇಕು, ಸುಮ್ಮನಿರಿ. ಬೀಗಕ್ಕೇ ಕಾಯುತ್ತಿದ್ದರೆ ಹೊಸ ಆಪ್ಟ್ ತಾನೇ ಬೀಗ ಹಿಡಿದ ಪ್ರೋಸೆಸ್ಸಿನ ಸಂಖ್ಯೆ ಬರೆದು ತೋರಿಸುತ್ತದೆ. ಸಾಮಾನ್ಯವಾಗಿ ಅದು ತಾನಾಗಿ ಓಡುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್. ಮುಗಿಯಲು ಬಿಡಿ.

ನಡುವೆ ಕರೆಂಟೇ ಹೋದರೂ ಡಿಪಿಕೆಜಿ ಅರ್ಧ ದಾರಿಯ ಪ್ಯಾಕೇಜುಗಳನ್ನು ಸ್ಟೇಟಸ್ಸಿನಲ್ಲಿ ಗುರುತಿಸಿಟ್ಟಿರುತ್ತದೆ. ಡಿಪಿಕೆಜಿಯ ಕಾನ್ಫಿಗರ್ ಮೈನಸ್ ಎ ಆಜ್ಞೆ ಸಾಮಾನ್ಯವಾಗಿ ಅಲ್ಲಿಂದಲೇ ಮುಂದುವರಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದೂರದಿಂದ ಅಪ್‌ಗ್ರೇಡ್ ಮಾಡುವವರು ಮಾತ್ರ ಮೊದಲೇ ಸರ್ವರಿನಲ್ಲಿ ಟಿಮಕ್ಸ್ ಎಂಬ ಪ್ರೋಗ್ರಾಮ್ ತೆರೆದುಕೊಳ್ಳಿ. ನಡುವೆ ನೆಟ್ ಕಡಿದುಹೋದರೂ ಕೆಲಸ ಅದರೊಳಗೆ ನಡೆಯುತ್ತಲೇ ಇರುತ್ತದೆ, ಮತ್ತೆ ಲಾಗಿನ್ ಆಗಿ ಸೇರಿಕೊಳ್ಳಬಹುದು.