48 ಗಂಟೆ ಕಾಯಬೇಕೆಂಬ ನಂಬಿಕೆ

ಕಲಬುರಗಿಯ ಒಂದು ಕಾಲೇಜು ತನ್ನ ಮೇಲ್ ವ್ಯವಸ್ಥೆಯನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ವರ್ಗಾಯಿಸಿತು ಎಂದುಕೊಳ್ಳೋಣ. ಬೀದರಿನಿಂದ ಬರೆದವರ ಮೇಲ್ ಹೊಸ ಪೆಟ್ಟಿಗೆಗೆ ಬರುತ್ತದೆ, ಯಾದಗಿರಿಯವರದು ಹಳೆಯದಕ್ಕೇ ಹೋಗುತ್ತದೆ. ವಿಚಾರಿಸಿದರೆ ಸಿಗುವ ಉತ್ತರ: ‘ಡಿಎನ್‌ಎಸ್ ಎಲ್ಲೆಡೆ ಹರಡಲು 48 ಗಂಟೆ ಬೇಕು, ಕಾಯಿರಿ.’ ಡಿಎನ್‌ಎಸ್ ಎಂದರೆ ಯಾವ ಡೊಮೇನ್ ಹೆಸರಿಗೆ ಯಾವ ಸರ್ವರ್ ಎಂದು ತಿಳಿಸುವ ಅಂತರ್ಜಾಲದ ವಿಳಾಸ ಪುಸ್ತಕ. ಆ ಉತ್ತರದಲ್ಲಿ ಲೆಕ್ಕಕ್ಕಿಂತ ಮೂಢನಂಬಿಕೆಯ ಪಾಲೇ ಹೆಚ್ಚು.

ವಾಸ್ತವವಾಗಿ ಅಲ್ಲಿ ಏನೂ ಹರಡುವುದಿಲ್ಲ. ಮೇಲ್ ಕಳಿಸುವ ಸರ್ವರ್, ವಿಳಾಸದ ಕೊನೆಯಲ್ಲಿರುವ ಡೊಮೇನ್ ಹೆಸರಿಗೆ ಎಂಎಕ್ಸ್ ದಾಖಲೆ (ಆ ಡೊಮೇನ್ ಪರವಾಗಿ ಮೇಲ್ ಪಡೆಯುವ ಸರ್ವರ್ ಹೆಸರು) ಯಾವುದೆಂದು, ಇಂಥ ದಾಖಲೆಗಳನ್ನು ಹುಡುಕಿಕೊಡುವ ರಿಸಾಲ್ವರ್ ಎಂಬ ಸರ್ವರ್ ಅನ್ನು ಕೇಳುತ್ತದೆ. ರಿಸಾಲ್ವರ್ ಅದನ್ನು, ಆ ಡೊಮೇನ್ ದಾಖಲೆಗಳನ್ನು ಇಟ್ಟಿರುವ ಮೂಲ ನೇಮ್ ಸರ್ವರ್‌ನಿಂದ ತಂದುಕೊಟ್ಟು, ಒಂದು ಪ್ರತಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆ ಪ್ರತಿ ಎಷ್ಟು ಸೆಕೆಂಡು ಬಾಳಬೇಕೆಂಬುದನ್ನು ಟಿಟಿಎಲ್ ಎಂಬ ಸಂಖ್ಯೆ ನಿರ್ಧರಿಸುತ್ತದೆ: 86400 ಎಂದಿದ್ದರೆ ಒಂದು ದಿನ, 300 ಎಂದಿದ್ದರೆ ಐದು ನಿಮಿಷ. 2014ರಲ್ಲಿ ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾದ ಮೇಲೂ ಹಳೆಯ ಲೆಟರ್‌ಹೆಡ್ ಉಳಿಸಿಕೊಂಡವರು ಅದು ತೀರುವವರೆಗೆ ಅದರಲ್ಲೇ ಬರೆದಂತೆ, ಪ್ರತಿಯೊಂದು ರಿಸಾಲ್ವರ್ ತನ್ನ ಹಳೆಯ ಪ್ರತಿಯ ಅವಧಿ ಮುಗಿದ ಮೇಲಷ್ಟೇ ಹೊಸದನ್ನು ಕೇಳುತ್ತದೆ, ಮತ್ತು ಆ ಗಳಿಗೆ ಒಬ್ಬೊಬ್ಬರಿಗೆ ಒಂದೊಂದು. ಆದ್ದರಿಂದ ವರ್ಗಾವಣೆಗೆ ಮುಂಚೆಯೇ, ಹಳೆಯ ಅವಧಿ ಕಳೆಯುವಷ್ಟು ಸಮಯ ಬಿಟ್ಟು, ಟಿಟಿಎಲ್ ತಗ್ಗಿಸಿರಬೇಕು. ಬದಲಾಯಿಸಿದ ನಂತರ ತಗ್ಗಿಸಿದರೆ ಈಗಾಗಲೇ ಉಳಿದಿರುವ ಪ್ರತಿಗಳಿಗೆ ಆ ಸುದ್ದಿ ತಲುಪುವುದೇ ಇಲ್ಲ.

ಕಾಯುವ ಬದಲು, ಡಿಎನ್‌ಎಸ್ ದಾಖಲೆ ಕೇಳಿ ನೋಡುವ ‘ಡಿಗ್’ (dig) ಎಂಬ ಕಂಪ್ಯೂಟರ್ ಆದೇಶದಿಂದ ಮೊದಲು ಮೂಲ ನೇಮ್ ಸರ್ವರನ್ನೇ ಕೇಳಿ, ಬಳಿಕ ಕಳಿಸುವವರ ರಿಸಾಲ್ವರ್‌ನ ಉತ್ತರದೊಂದಿಗೆ ಹೋಲಿಸಬೇಕು. ಎರಡೂ ಬೇರೆಯಾಗಿದ್ದರೆ ಉಳಿದ ಸೆಕೆಂಡುಗಳು ಅಲ್ಲೇ ಕಾಣುತ್ತವೆ. ಎರಡೂ ಒಂದೇ ಆಗಿದ್ದು ತಪ್ಪಾಗಿದ್ದರೆ ಎಷ್ಟು ದಿನ ಕಾದರೂ ಪ್ರಯೋಜನವಿಲ್ಲ, ದಾಖಲೆಯನ್ನೇ ತಿದ್ದಬೇಕು. ಅಲ್ಲಿ ಹೆಸರಿನ ಬದಲು ಐಪಿ ಸಂಖ್ಯೆ ಬರೆದಿರಬಹುದು, ಅಥವಾ ದಾಖಲೆಗಳನ್ನು ಬರೆದಿಡುವ ಜೋನ್ ಫೈಲ್‌ನಲ್ಲಿ ಹೆಸರಿನ ಕೊನೆಯ ಚುಕ್ಕೆ ಬಿಟ್ಟುಹೋಗಿ ಡೊಮೇನ್ ಎರಡು ಸಲ ಅಂಟಿಕೊಂಡಿರಬಹುದು.

ಎಂಎಕ್ಸ್ ಪೂರ್ತಿ ಅಳಿಸಿಹೋಗಿದ್ದರೆ ಲಕ್ಷಣ ಇನ್ನೂ ವಿಚಿತ್ರ. ಎಂಎಕ್ಸ್ ಬಳಸಿ ಮೇಲ್ ಸಾಗಿಸುವ ನಿಯಮವನ್ನು ಕ್ರೇಗ್ ಪಾರ್ಟ್ರಿಜ್ 1986ರಲ್ಲಿ ಬರೆದರು. ಎಂಎಕ್ಸ್ ಇಲ್ಲದಿದ್ದರೆ ಡೊಮೇನ್‌ನ ನೇರ ವಿಳಾಸಕ್ಕೇ ತಲುಪಿಸಬೇಕೆಂಬ ನಿಯಮ ಇಂದಿಗೂ ಜಾರಿಯಲ್ಲಿದೆ. ಹಾಗಾಗಿ ಮೇಲ್ ವೆಬ್‌ಸೈಟ್ ಇರುವ ಯಂತ್ರದ ಬಾಗಿಲು ತಟ್ಟುತ್ತದೆ; ಅಲ್ಲಿ ಯಾರೂ ಓಗೊಡದಿದ್ದರೆ ಕಳಿಸಿದವರ ಸರದಿಯಲ್ಲಿ ಸಾಮಾನ್ಯವಾಗಿ ನಾಲ್ಕೈದು ದಿನ ಕೊಳೆತು ಹಿಂದಿರುಗುತ್ತದೆ.

ಡಿಎನ್‌ಎಸ್ ಎಲ್ಲವೂ ಸರಿಯಿದ್ದು ಕೆಲವರ ಮೇಲ್ ಮಾತ್ರ ಹಳೆಯ ಕಡೆ ಬೀಳುತ್ತಿದ್ದರೆ, ಅವರೂ ಅದೇ ಹಳೆಯ ಸರ್ವರ್‌ನ ಗಿರಾಕಿಗಳೇ ಎಂದು ವಿಚಾರಿಸಬೇಕು. ಆ ಸರ್ವರ್ ಕಾಲೇಜಿನ ಡೊಮೇನ್ ಇನ್ನೂ ತನ್ನದೇ ಎಂದುಕೊಂಡಿದ್ದರೆ ಎಂಎಕ್ಸ್ ಅನ್ನು ಕೇಳುವುದೇ ಇಲ್ಲ. ಅದರ ಸ್ಥಳೀಯ ಡೊಮೇನ್‌ಗಳ ಪಟ್ಟಿಯಿಂದ ಆ ಹೆಸರನ್ನು ಕೈಯಾರೆ ತೆಗೆಸಬೇಕು.