ರಿಪೋರ್ಟ್ ಎಲ್ಲಾ ನಾರ್ಮಲ್, ಆದ್ರೂ ಯಾಕೆ ಇಷ್ಟು ಸುಸ್ತು?

ಪ್ರಶ್ನೆ: ಜೋರು ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದೆ, ಡಿಸ್ಚಾರ್ಜ್ ಆಗಿ ಎರಡು ತಿಂಗಳಾಯ್ತು. ಬ್ಲಡ್ ಟೆಸ್ಟು, ಎಕ್ಸ್‌ರೇ ಎಲ್ಲಾ ಸರಿ ಇದೆ ಅಂತಾರೆ ಡಾಕ್ಟ್ರು. ಆದ್ರೆ ಸ್ನಾನ ಮಾಡಿ ಬಂದ್ರೆ ಸಾಕು, ಮತ್ತೆ ಮಲಗೋಣ ಅನ್ಸುತ್ತೆ. ನಾನು ಸುಧಾರಿಸ್ತಾನೇ ಇಲ್ವಾ?

ಸುಧಾರಿಸ್ತಿದೀರಿ, ಕಾಣ್ತಿಲ್ಲ ಅಷ್ಟೇ. ರಿಪೋರ್ಟಲ್ಲಿ ಗೊತ್ತಾಗೋದು ಕಾಯಿಲೆ ಇದ್ಯಾ ಹೋಯ್ತಾ ಅಂತ. ಮೈಗೆ ಕಸುವು ಎಷ್ಟು ವಾಪಸ್ ಬಂತು ಅಂತ ಹೇಳೋ ಬ್ಲಡ್ ಟೆಸ್ಟ್ ಇಲ್ಲ. ಇನ್‌ಫೆಕ್ಷನ್ ಜೊತೆ ಗುದ್ದಾಡೋವಾಗ ದೇಹ ತನ್ನದೇ ಸ್ನಾಯುನ ಕರಗಿಸಿ ಬಳಸ್ಕೊಂಡಿರುತ್ತೆ, ಅದ್ರ ಮೇಲೆ ಹಾಸಿಗೆಯಲ್ಲೇ ಬಿದ್ದಿದ್ದು ಬೇರೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಐಸಿಯು ರೋಗಿಗಳ ತೊಡೆ ಸ್ನಾಯುನ ಸ್ಕ್ಯಾನ್ ಮಾಡ್ತಾ ಹೋದ್ರೆ 10 ದಿನದಲ್ಲಿ ಸರಾಸರಿ ಶೇ. 18ರಷ್ಟು ಸವೆದುಹೋಗಿತ್ತು. ಕರಗೋಕೆ ಹತ್ತು ದಿನ ಸಾಕು, ಮತ್ತೆ ಕೂಡೋಕೆ ತಿಂಗಳುಗಟ್ಟಲೆ ಬೇಕು.

ನ್ಯುಮೋನಿಯಾಗೆ ಬ್ರಿಟನ್ನಿನ ಮಾರ್ಗಸೂಚಿಯಲ್ಲಿ ಒಂದು ಅಂದಾಜು ಇದೆ. ಜ್ವರ ಒಂದು ವಾರಕ್ಕೆ ಹೋಗ್ಬೇಕು, ಎದೆನೋವು ಕಫ 4 ವಾರಕ್ಕೆ ಚೆನ್ನಾಗಿ ಕಮ್ಮಿ ಆಗ್ಬೇಕು, ಕೆಮ್ಮು ಏದುಸಿರು 6 ವಾರಕ್ಕೆ. 3 ತಿಂಗಳಿಗೆ ಬಹುತೇಕ ಎಲ್ಲಾ ಹೋದ್ರೂ ಸುಸ್ತು ಉಳಿದಿರ್ಬಹುದು, ಹೆಚ್ಚಿನವರಿಗೆ ಮೊದಲಿನ ಹಾಗೆ ಅನ್ಸೋದು 6 ತಿಂಗಳಿಗೆ. ಇದು ಎಲ್ಲಾ ನ್ಯುಮೋನಿಯಾಗೂ ಸೇರಿಸಿ ಹೇಳಿದ್ದು, ಐಸಿಯುವರೆಗೂ ಹೋಗಿ ಬಂದವರಿಗೆ ಇನ್ನೂ ಜಾಸ್ತಿ ಹಿಡಿಯುತ್ತೆ. ಎರಡು ತಿಂಗಳು ಅಂದ್ರೆ ನೀವಿನ್ನೂ ಅರ್ಧ ದಾರೀನೂ ಬಂದಿಲ್ಲ, ಮೊದಲು ಆ ಅವಸರ ಬಿಡಿ.

ಇನ್ನೊಂದು ವಿಷ್ಯ, ಈಗ ಕೂದಲು ರಾಶಿರಾಶಿ ಉದುರೋಕೆ ಶುರುವಾದ್ರೆ ಗಾಬರಿ ಬೇಡ. ದೊಡ್ಡ ಕಾಯಿಲೆ ಆದ ಎರಡು ಮೂರು ತಿಂಗಳಿಗೆ ಹಾಗೆ ಆಗೋದು ಮಾಮೂಲು, ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತೆ. ಮರೆವು, ಕೆಟ್ಟ ಕನಸು, ಸುಮ್‌ಸುಮ್ನೆ ಅಳು ಬರೋದು, ಇವೂ ಐಸಿಯುನಿಂದ ಬಂದ ತುಂಬಾ ಜನಕ್ಕೆ ಇರ್ತವೆ, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೇ. ವಾರಗಟ್ಟಲೆ ಬಿಡದೆ ಕಾಡಿದ್ರೆ ಅದನ್ನೂ ಡಾಕ್ಟ್ರ ಹತ್ರ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಎಲ್ಲರೂ ಎಡವೋದು ಒಂದೇ ಕಡೆ. ಒಂದಿನ ಬೆಳಿಗ್ಗೆ ಎದ್ದಾಗ ಚೆನ್ನಾಗಿದೆ ಅನ್ಸುತ್ತೆ, ಸರಿ ಅಂತ ಬಾಕಿ ಇರೋ ಕೆಲಸ ಎಲ್ಲಾ ಅವತ್ತೇ ಮುಗಿಸೋಕೆ ಹೋಗ್ತೀವಿ, ಮಾರನೇ ದಿನ ಇಲ್ಲಾ ಅದರ ಮಾರನೇ ದಿನ ಏಳೋಕೇ ಆಗಲ್ಲ, ಆಮೇಲೆ ಹೆದರಿ ನಾಲ್ಕು ದಿನ ಅಲ್ಲಾಡದೆ ಮಲಗ್ತೀವಿ, ಅದರಿಂದ ಇದ್ದಬದ್ದ ಶಕ್ತಿನೂ ಹೋಗುತ್ತೆ. ಅದರ ಬದಲು ಕೆಟ್ಟ ದಿನದಲ್ಲೂ ಮಾಡೋಕಾಗೋವಷ್ಟು ನಡಿಗೆ ಗೊತ್ತು ಮಾಡ್ಕೊಂಡು, ಒಳ್ಳೇ ದಿನಾನೂ ಅಷ್ಟೇ ನಡೀರಿ. ಒಂದು ವಾರ ಆರಾಮಾಗಿ ಆಯ್ತಾ, ಆಗ ಸ್ವಲ್ಪ ಜಾಸ್ತಿ ಮಾಡಿ. ಬೋರ್ ಹೊಡೆಯುತ್ತೆ, ಹೊಡೀಲಿ ಬಿಡಿ. ಪ್ರೋಟೀನ್ ಇರೋ ಊಟ ಮಾತ್ರ ತಪ್ಪಿಸ್ಬೇಡಿ, ಕೂರೋಕೆ ಏಳೋಕೆ ಕಷ್ಟ ಅಂದ್ರೆ ಫಿಸಿಯೋ ನೋಡಿ.

ದಿನಾ ದಿನಾ ನಿನ್ನೆಗಿಂತ ವಾಸಿನಾ ಅಂತ ನೋಡ್ಕೊಂಡ್ರೆ ಏನೂ ಗೊತ್ತಾಗಲ್ಲ, ತಿಂಗಳಿಗೊಂದ್ಸಲ ನೋಡಿ. ನಿಧಾನ ಆಗೋದು ತೊಂದ್ರೆ ಅಲ್ಲ, ಹಿಂದಕ್ಕೆ ಹೋಗೋದು ತೊಂದ್ರೆ. ಜ್ವರ ಮತ್ತೆ ಬಂದ್ರೆ, ತೂಕ ಇಳೀತಾನೇ ಇದ್ರೆ ಡಾಕ್ಟ್ರ ಹತ್ರ ಹೋಗಿ. ಏದುಸಿರು ಇದ್ದಕ್ಕಿದ್ದಂಗೆ ಜಾಸ್ತಿ ಆದ್ರೆ, ಎದೆ ನೋವು ಬಂದ್ರೆ, ಒಂದೇ ಕಾಲು ಊದಿ ನೋವಾದ್ರೆ ಅದು ರಕ್ತ ಹೆಪ್ಪುಗಟ್ಟಿದ್ದೂ ಆಗಿರ್ಬಹುದು, ಅವತ್ತೇ ಆಸ್ಪತ್ರೆಗೆ ಓಡಿ. ಇದ್ಯಾವ್ದೂ ಇಲ್ದೆ ಬರೀ ಸುಸ್ತಿಗೆ ಅಂತ ಹೋಗೋದಾದ್ರೆ 'ತುಂಬಾ ಸುಸ್ತು' ಅಂತಷ್ಟೇ ಹೇಳ್ಬೇಡಿ. ಎಷ್ಟು ಮೆಟ್ಟಿಲು ಹತ್ತಿದ್ರೆ ನಿಲ್ಬೇಕಾಗುತ್ತೆ, ಹೋದ ತಿಂಗಳು ಎಷ್ಟಿತ್ತು ಅಂತ ಹೇಳಿ, ಆಗ ಹಿಮೋಗ್ಲೋಬಿನ್ನೋ ಥೈರಾಯ್ಡೋ ನೋಡ್ಬೇಕಾ ಅಂತ ಯೋಚ್ನೆ ಮಾಡೋಕೆ ಅವರಿಗೂ ಏನಾದ್ರೂ ಸಿಗುತ್ತೆ.