ರಿಫ್ರೆಶ್ ಒತ್ತಿ ಒತ್ತಿ ಬೆರಳು ಸವೆದರೂ ಆ ಕಪ್ಪು ಚೌಕ ಹೋಗಲ್ಲ, ಯಾಕೆ?

ಪ್ರಶ್ನೆ: ಫೋಟೋಗಳನ್ನು ಇಟ್ಟಿರುವ ಜಾಗ ತೆರೆದರೆ ಕೆಲವು ಫೋಲ್ಡರ್‌ಗಳ ಹಿಂದೆ ಕಪ್ಪು ಚೌಕ ಕಾಣುತ್ತಿದೆ. ಕೆಲವು ಫೋಟೋಗಳಿಗೆ ಪುಟ್ಟ ಚಿತ್ರವೇ ಬರುವುದಿಲ್ಲ, ಇನ್ನು ಕೆಲವಕ್ಕೆ ಹಳೇ ಚಿತ್ರ ಬರುತ್ತದೆ. ರೈಟ್ ಕ್ಲಿಕ್ ಮಾಡಿ ಎಷ್ಟು ಸಲ ರಿಫ್ರೆಶ್ ಕೊಟ್ಟರೂ ಹಾಗೇ ಇದೆ. ವೈರಸ್ಸಾ? ಫಾರ್ಮ್ಯಾಟ್ ಮಾಡಿಸಬೇಕಾ?

ಉತ್ತರ: ವೈರಸ್ ಅಲ್ಲ. ಫಾರ್ಮ್ಯಾಟ್ ಬೇಡ. ಈ ಎರಡು ಮಾತನ್ನು ಬರೆದೂ ಬರೆದೂ ಸಾಕಾಗಿದೆ, ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಳ್ಳೋಣ ಅಂತಿದ್ದೀನಿ.

ನಿಮ್ಮ ಫೋಟೋಗಳಿಗೆ ಏನೂ ಆಗಿಲ್ಲ. ನಂಬಿಕೆ ಬರದಿದ್ದರೆ ಕಪ್ಪಾಗಿ ಕಾಣುವ ಯಾವುದಾದರೂ ಒಂದರ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡಿ, ಸರಿಯಾಗೇ ತೆರೆಯುತ್ತದೆ. ಕೆಟ್ಟಿರುವುದು ಅದರ ನಕಲು. ಫೋಲ್ಡರ್ ತೆರೆದಾಗಲೆಲ್ಲ ಒಳಗಿನ ಐನೂರು ಫೋಟೋಗಳನ್ನೂ ಒಂದೊಂದಾಗಿ ಬಿಡಿಸಿ, ಚಿಕ್ಕದು ಮಾಡಿ ತೋರಿಸುತ್ತಾ ಕೂತರೆ ವಿಂಡೋಸ್‌ಗೆ ಬೇರೆ ಕೆಲಸವೇ ಆಗುವುದಿಲ್ಲ. ಅದಕ್ಕೆ ಮೊದಲ ಸಲ ಮಾಡಿದ ಪುಟ್ಟ ಚಿತ್ರವನ್ನು ಒಂದು ಕಡೆ ಎತ್ತಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದನ್ನೇ ತಂದು ತೋರಿಸುತ್ತದೆ. ಇದಕ್ಕೆ ಥಂಬ್‌ನೇಲ್ ಕ್ಯಾಶ್ ಅಂತ ಹೆಸರು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಒಂದೊಂದು ಫೋಲ್ಡರ್ ಒಳಗೂ ‘ಥಂಬ್ಸ್ ಡಾಟ್ ಡಿಬಿ’ ಅನ್ನುವ ಫೈಲ್ ಇಣುಕುತ್ತಿತ್ತಲ್ಲ, ಅದು ಇದೇ. ಅದರ ನಂತರದ ವಿಂಡೋಸ್ ವಿಸ್ಟಾ ಬಂದ ಮೇಲೆ ಎಲ್ಲವನ್ನೂ ಬಳಕೆದಾರರ ಖಾತೆಯೊಳಗೆ ಒಂದೇ ಜಾಗದಲ್ಲಿ ಇಡುವುದು ಶುರುವಾಯಿತು. ಅಳತೆಗೊಂದು ಫೈಲ್: 96 ಪಿಕ್ಸೆಲ್‌ನವು ಒಂದರಲ್ಲಿ, 256ರವು ಇನ್ನೊಂದರಲ್ಲಿ, ಹೀಗೆ. ಅದರಲ್ಲೊಂದು ಕೆಟ್ಟರೆ ‘ದೊಡ್ಡ ಐಕಾನ್’ ನೋಟದಲ್ಲಿ ಕಪ್ಪು ಚೌಕ ಕಾಣುತ್ತದೆ, ‘ಮಧ್ಯಮ ಐಕಾನ್’ಗೆ ಬದಲಿಸಿದರೆ ಎಲ್ಲ ಸರಿಯಾಗೇ ಇರುತ್ತದೆ. ಇದನ್ನು ಗಮನಿಸಿದವರು ಕಡಿಮೆ.

ಸರಿಮಾಡುವುದಕ್ಕೆ ಐದು ನಿಮಿಷ ಸಾಕು. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್. ಅಲ್ಲಿ ಒಂದು ಪಟ್ಟಿ ಬರುತ್ತದೆ. ‘ಥಂಬ್‌ನೇಲ್ಸ್’ ಅನ್ನುವುದಕ್ಕೆ ಮಾತ್ರ ಟಿಕ್ ಇಟ್ಟು, ಮಿಕ್ಕ ಟಿಕ್‌ಗಳನ್ನೆಲ್ಲ ತೆಗೆದು, ಅಳಿಸಿ. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಅಂತಲೂ ಒಂದು ಸಾಲು ಇರುತ್ತದೆ, ದಯವಿಟ್ಟು ಅದರ ತಂಟೆಗೆ ಹೋಗಬೇಡಿ. ಅದು ಕ್ಯಾಶ್ ಅಲ್ಲ, ನೀವು ಇಳಿಸಿಕೊಂಡ ನಿಜವಾದ ಫೈಲ್‌ಗಳು. ಎಲ್ಲಕ್ಕೂ ಸರಸರ ಟಿಕ್ ಹಾಕಿ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತವರನ್ನು ನೋಡಿದ್ದೀನಿ. ಹಳೇ ವಿಂಡೋಸ್ ಆದರೆ ಡಿಸ್ಕ್ ಕ್ಲೀನಪ್‌ನಲ್ಲೂ ಥಂಬ್‌ನೇಲ್ಸ್ ಸಾಲು ಸಿಗುತ್ತದೆ.

ಆಮೇಲೆ ಎಕ್ಸ್‌ಪ್ಲೋರರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಇಡೀ ಕಂಪ್ಯೂಟರನ್ನಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ‘ವಿಂಡೋಸ್ ಎಕ್ಸ್‌ಪ್ಲೋರರ್’ ಸಾಲನ್ನು ಹುಡುಕಿ, ರೈಟ್ ಕ್ಲಿಕ್ ಮಾಡಿ, ರೀಸ್ಟಾರ್ಟ್ ಕೊಡಿ. ಕೆಳಗಿನ ಟಾಸ್ಕ್‌ಬಾರ್ ಮಾಯವಾಗಿ ಒಂದೆರಡು ಕ್ಷಣದಲ್ಲಿ ವಾಪಸ್ ಬರುತ್ತದೆ, ಗಾಬರಿ ಬೇಡ. ಡೆಸ್ಕ್‌ಟಾಪ್, ಟಾಸ್ಕ್‌ಬಾರ್, ಫೋಲ್ಡರ್ ಕಿಟಕಿ ಎಲ್ಲವನ್ನೂ ತೋರಿಸುವುದು ಆ ಒಂದೇ ಪ್ರೋಗ್ರಾಂ. ಫೈಲ್ ಕಾಪಿ ಮಾಡುವುದೂ ಅದೇ. ಹಾಗಾಗಿ ಪೆನ್ ಡ್ರೈವ್‌ಗೆ ಏನಾದರೂ ಕಾಪಿ ಆಗುತ್ತಿದ್ದರೆ ಅದು ಮುಗಿಯುವ ತನಕ ಕಾಯಿರಿ, ಇಲ್ಲದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ.

ಇನ್ನು ಫೋಲ್ಡರ್ ತೆರೆಯಿರಿ. ಪುಟ್ಟ ಚಿತ್ರಗಳು ಒಂದೊಂದಾಗಿ, ನಿಧಾನಕ್ಕೆ, ಹೊಸದಾಗಿ ಮೂಡುತ್ತವೆ. ಮೊದಲ ಸಲ ಅಷ್ಟೇ ನಿಧಾನ.

ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಪ್ರಶ್ನೆಯ ನಡುವೆ ‘ಎಷ್ಟು ಸಲ ರಿಫ್ರೆಶ್ ಕೊಟ್ಟರೂ’ ಅಂದಿರಲ್ಲ, ಅದನ್ನು ನಾನು ಸುಮ್ನೆ ಬಿಡುವುದಿಲ್ಲ.

ಕಂಪ್ಯೂಟರ್ ಆನ್ ಆಗುತ್ತದೆ. ಡೆಸ್ಕ್‌ಟಾಪ್ ಕಾಣುತ್ತದೆ. ಕೂತವರ ಕೈ ತಾನಾಗೇ ಮೌಸ್‌ಗೆ ಹೋಗುತ್ತದೆ. ರೈಟ್ ಕ್ಲಿಕ್, ರಿಫ್ರೆಶ್. ರೈಟ್ ಕ್ಲಿಕ್, ರಿಫ್ರೆಶ್. ಐದಾರು ಸಲ ಆದ ಮೇಲೆ, ದೇವರಿಗೆ ಕೈ ಮುಗಿದು ಎದ್ದವರ ಹಾಗೆ, ಒಂದು ಸಮಾಧಾನ. ಯಾಕೆ ಅಂತ ಕೇಳಿದರೆ ‘ರ್‍ಯಾಮ್ ಫ್ರೀ ಆಗುತ್ತೆ’, ‘ಸಿಸ್ಟಮ್ ಫಾಸ್ಟ್ ಆಗುತ್ತೆ’, ‘ಕ್ಲಾಸಲ್ಲಿ ಹೇಳಿಕೊಟ್ಟಿದ್ರು’. ನನ್ನ ಗೆಳೆಯರೊಬ್ಬರು ದೊಡ್ಡ ದೊಡ್ಡ ಲೆಕ್ಕದ ಹಾಳೆಗಳನ್ನು ನಿಭಾಯಿಸುವವರು, ಬುದ್ಧಿವಂತರು. ನನ್ನ ಕುರ್ಚಿಯಲ್ಲಿ ಕೂತ ತಕ್ಷಣ ಅವರು ಮಾಡಿದ ಮೊದಲ ಕೆಲಸವೂ ಇದೇ.

ರಿಫ್ರೆಶ್ ಮಾಡುವುದು ಒಂದೇ ಕೆಲಸ. ‘ಈ ಫೋಲ್ಡರ್‌ನಲ್ಲಿ ಈಗ ಏನೇನಿದೆ ಅಂತ ಇನ್ನೊಮ್ಮೆ ನೋಡಿ, ಪಟ್ಟಿಯನ್ನು ಮತ್ತೆ ಬರೆ’ ಅಂತ ಎಕ್ಸ್‌ಪ್ಲೋರರ್‌ಗೆ ಹೇಳುವುದು. ಅಷ್ಟೇ. ರ್‍ಯಾಮ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಹಿಂದೆ ತೆರೆದಿರುವ ಬ್ರೌಸರ್‌ಗೆ, ಅದರ ಮೂವತ್ತು ಟ್ಯಾಬ್‌ಗಳಿಗೆ, ನೀವು ರಿಫ್ರೆಶ್ ಒತ್ತಿದ್ದು ಗೊತ್ತೂ ಆಗುವುದಿಲ್ಲ.

ಹಾಗಾದರೆ ಡೆಸ್ಕ್‌ಟಾಪ್‌ನಲ್ಲಿ ಆ ಆಯ್ಕೆ ಯಾಕಿದೆ ಅಂತ ಕೇಳುತ್ತೀರಿ. ಒಳ್ಳೆ ಪ್ರಶ್ನೆ. ಡೆಸ್ಕ್‌ಟಾಪ್ ಕೂಡ ಒಂದು ಫೋಲ್ಡರ್ ಕಿಟಕಿಯೇ, ಅದಕ್ಕೆ. ಚೌಕಟ್ಟು ಇಲ್ಲದ, ಹಿಂದೆ ವಾಲ್‌ಪೇಪರ್ ಇರುವ ಕಿಟಕಿ. ನಿಜ ಹೇಳಬೇಕೆಂದರೆ ಎರಡು ಫೋಲ್ಡರ್ ಸೇರಿಸಿ ತೋರಿಸುವ ಕಿಟಕಿ: ಒಂದು ನಿಮ್ಮ ಖಾತೆಯದು, ಇನ್ನೊಂದು ಆ ಕಂಪ್ಯೂಟರ್‌ನ ಎಲ್ಲ ಖಾತೆಗಳಿಗೂ ಸೇರಿದ್ದು. ಬೇರೆ ಫೋಲ್ಡರ್‌ಗಳಲ್ಲಿ ರೈಟ್ ಕ್ಲಿಕ್ ಮಾಡಿದರೆ ರಿಫ್ರೆಶ್ ಇರುತ್ತಲ್ಲ, ಇಲ್ಲೂ ಇದೆ. ‘ವೇಗ ಹೆಚ್ಚಿಸುವ ಗುಂಡಿ’ ಅಂತ ಯಾರೂ ಅದನ್ನು ಇಟ್ಟಿದ್ದಲ್ಲ. 2021ರಲ್ಲಿ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯಲ್ಲಿ ಡೆಸ್ಕ್‌ಟಾಪ್‌ನ ಈ ರಿಫ್ರೆಶನ್ನು ‘ಇನ್ನಷ್ಟು ಆಯ್ಕೆಗಳು’ ಅನ್ನುವುದರ ಒಳಗೆ ತಳ್ಳಿದ್ದರು. ಅದೇ ಜುಲೈನಲ್ಲಿ ಮೈಕ್ರೋಸಾಫ್ಟ್ ಮತ್ತೆ ಅದನ್ನು ಮೊದಲ ಮೆನುಗೇ ತಂದು ಕೂರಿಸಿತು. ಈ ಅಭ್ಯಾಸ ಲೋಕದಲ್ಲಿ ಎಷ್ಟು ಗಟ್ಟಿ ಬೇರು ಬಿಟ್ಟಿದೆ ನೋಡಿ.

ಪರೀಕ್ಷೆ ಬೇಕಾದರೆ ನೀವೇ ಮಾಡಿ. ಟಾಸ್ಕ್ ಮ್ಯಾನೇಜರ್ ತೆರೆದು ಒಂದು ಪಕ್ಕಕ್ಕೆ ಇಟ್ಟುಕೊಳ್ಳಿ. ಡೆಸ್ಕ್‌ಟಾಪ್ ಮೇಲೆ ಒಂದು ಸಲ ಕ್ಲಿಕ್ ಮಾಡಿ, ಎಫ್5 ಕೀಲಿಯನ್ನು ಒತ್ತಿ ಹಿಡಿಯಿರಿ. ಈಗ ವಿಂಡೋಸ್ ಎಕ್ಸ್‌ಪ್ಲೋರರ್ ಸಾಲಿನ ಸಿಪಿಯು ಅಂಕಿ ನೋಡಿ, ಮೇಲೆ ಏರುತ್ತದೆ. ಮೆಮೊರಿ ಕಾಲಂ ನೋಡಿ, ಜಾಗ ಖಾಲಿಯಾಗುವ ಸುಳಿವೇ ಇಲ್ಲ. ಕೀಲಿ ಬಿಟ್ಟರೆ ಸಿಪಿಯು ಮತ್ತೆ ಇಳಿಯುತ್ತದೆ. ಅಂದರೆ ಕಂಪ್ಯೂಟರ್‌ಗೆ ವಿಶ್ರಾಂತಿ ಕೊಡುತ್ತಿದ್ದೀನಿ ಅಂದುಕೊಂಡು ನೀವು ಅದಕ್ಕೆ ಇನ್ನೊಂದಿಷ್ಟು ಕೂಲಿ ಕೆಲಸ ಕೊಡುತ್ತಿದ್ದಿರಿ, ಅಲ್ವಾ?

ಈ ನಂಬಿಕೆ ಹುಟ್ಟಿದ್ದು ಹೇಗೆ ಅಂತ ನನಗೊಂದು ಊಹೆ ಇದೆ. ಹಳೇ ಹಾರ್ಡ್ ಡಿಸ್ಕ್ ಕಾಲದಲ್ಲಿ ಡೆಸ್ಕ್‌ಟಾಪ್ ಕಾಣಿಸಿದ ಮೇಲೂ ಒಳಗೆ ಬಹಳ ಹೊತ್ತು ಕರಕರ ಅಂತ ಕೆಲಸ ನಡೆಯುತ್ತಿತ್ತು. ಆಗ ರಿಫ್ರೆಶ್ ಒತ್ತಿದರೆ ಐಕಾನ್‌ಗಳು ನಿಧಾನಕ್ಕೆ ಒಂದೊಂದಾಗಿ ಮೂಡುತ್ತಿದ್ದವು. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಫಟ್ ಅಂತ ಬರುತ್ತಿದ್ದವು. ಆ ಹೊತ್ತಿಗೆ ಕಂಪ್ಯೂಟರ್‌ನ ಕೆಲಸ ಮುಗಿದಿರುತ್ತಿತ್ತು. ಒತ್ತಿದವರು ‘ನಾನು ಒತ್ತಿದ್ದಕ್ಕೇ ವೇಗ ಬಂತು’ ಅಂದುಕೊಂಡರು. ಜ್ವರ ನೋಡುವ ಥರ್ಮಾಮೀಟರನ್ನೇ ಮಾತ್ರೆ ಅಂದುಕೊಂಡ ಹಾಗೆ. ಐದಾರು ಸಲ ಒತ್ತುವಷ್ಟು ಹೊತ್ತು ಸುಮ್ನೆ ಕೈಕಟ್ಟಿ ಕೂತಿದ್ದರೂ ಅಷ್ಟೇ ವೇಗ ಬರುತ್ತಿತ್ತು.

ರಿಫ್ರೆಶ್ ಪೂರ್ತಿ ದಂಡ ಅಂತಲೂ ಅಲ್ಲ. ಫೋಲ್ಡರ್‌ನಲ್ಲಿ ಏನಾದರೂ ಬದಲಾದರೆ ಡಿಸ್ಕ್‌ನಲ್ಲಿ ಫೈಲ್‌ಗಳ ಲೆಕ್ಕ ಇಡುವ ಫೈಲ್ ಸಿಸ್ಟಮ್ ಎಕ್ಸ್‌ಪ್ಲೋರರ್‌ಗೆ ಸುದ್ದಿ ಮುಟ್ಟಿಸುತ್ತದೆ, ಅದು ಪಟ್ಟಿಯನ್ನು ತಾನೇ ತಿದ್ದಿಕೊಳ್ಳುತ್ತದೆ. ಆ ಸುದ್ದಿ ಕೆಲವೊಮ್ಮೆ ತಪ್ಪಿಹೋಗುತ್ತದೆ. ನೆಟ್‌ವರ್ಕ್ ಡ್ರೈವ್‌ನಲ್ಲಿ ಜಾಸ್ತಿ. ಒಂದೇ ಏಟಿಗೆ ಸಾವಿರಾರು ಫೈಲ್‌ಗಳು ಬದಲಾದಾಗಲೂ ಹೀಗಾಗಬಹುದು. ಅಳಿಸಿದ ಫೈಲ್ ಇನ್ನೂ ಕಾಣುತ್ತಿದೆ, ಈಗಷ್ಟೇ ಉಳಿಸಿದ್ದು ಕಾಣುತ್ತಿಲ್ಲ ಅಂದರೆ ಒಮ್ಮೆ ಎಫ್5 ಒತ್ತಿ. ಒಮ್ಮೆ. ಎರಡನೇ ಸಲ ಒತ್ತಿದರೆ ಮೊದಲ ಸಲಕ್ಕಿಂತ ಹೆಚ್ಚು ತಾಜಾ ಆಗುವುದಿಲ್ಲ.

ನಿಮ್ಮ ಕಪ್ಪು ಚೌಕಕ್ಕೆ ಅದು ಯಾಕೆ ನಾಟಲಿಲ್ಲ ಅಂತ ಈಗ ಹೊಳೆದಿರಬೇಕು. ರಿಫ್ರೆಶ್ ಪಟ್ಟಿಯನ್ನು ಹೊಸದಾಗಿ ಓದುತ್ತದೆ, ಆದರೆ ಪುಟ್ಟ ಚಿತ್ರವನ್ನು ಅದೇ ಕೆಟ್ಟ ಕ್ಯಾಶ್‌ನಿಂದಲೇ ತರುತ್ತದೆ. ಹಳೇ ಚಿತ್ರ ಬರುವುದಕ್ಕೂ ಇಂಥದ್ದೇ ಕಾರಣ. ಫೋಟೋ ಬದಲಾಗಿದೆಯೋ ಇಲ್ಲವೋ ಅಂತ ತಿಳಿಯಲು ವಿಂಡೋಸ್ ಮುಖ್ಯವಾಗಿ ನೋಡುವುದು ಫೈಲ್ ತಿದ್ದಿದ ದಿನಾಂಕವನ್ನು. ಫೋಟೋ ತಿರುಗಿಸುವ ಕೆಲವು ಪ್ರೋಗ್ರಾಂಗಳು ಒಳಗಿನದನ್ನು ಬದಲಿಸಿ ದಿನಾಂಕವನ್ನು ಮಾತ್ರ ಹಳೆಯದೇ ಉಳಿಸುತ್ತವೆ. ಪಾಪ, ವಿಂಡೋಸ್ ಏನೂ ಆಗಿಲ್ಲ ಅಂದುಕೊಂಡು ಹಳೇದನ್ನೇ ತೋರಿಸುತ್ತದೆ.

ಇನ್ನೆರಡು ವಿಷಯ ಬೇಗ ಹೇಳಿಬಿಡ್ತೀನಿ. ಪುಟ್ಟ ಚಿತ್ರ ಬಾರದಿರುವುದು ಐಫೋನ್‌ನಿಂದ ತಂದ ಫೋಟೋಗಳಿಗೆ ಮಾತ್ರವಾದರೆ ಅದು ಕ್ಯಾಶ್ ತೊಂದರೆ ಅಲ್ಲ. 2017ರಿಂದೀಚೆಗೆ ಆ ಫೋನ್‌ಗಳು ಎಚ್‌ಇಐಸಿ ರೂಪದಲ್ಲಿ ಉಳಿಸುತ್ತವೆ. ಅದನ್ನು ಓದುವ ಎಕ್ಸ್‌ಟೆನ್ಶನ್ ನಿಮ್ಮ ವಿಂಡೋಸ್‌ನಲ್ಲಿ ಇಲ್ಲದಿದ್ದರೆ ಬರೀ ಐಕಾನ್ ಕಾಣುತ್ತದೆ. ಒಂದೇ ಒಂದು ಪುಟ್ಟ ಚಿತ್ರವೂ ಇಲ್ಲ, ಎಲ್ಲೆಲ್ಲೂ ಐಕಾನ್ ಅಂದರೆ, ಫೋಲ್ಡರ್ ಆಪ್ಷನ್ಸ್‌ನ ವ್ಯೂ ಪುಟದಲ್ಲಿ ‘ಯಾವಾಗಲೂ ಐಕಾನ್ ತೋರಿಸು, ಥಂಬ್‌ನೇಲ್ ಬೇಡ’ ಅನ್ನುವ ಅರ್ಥದ ಮೊದಲ ಸಾಲಿಗೆ ಯಾರೋ ಟಿಕ್ ಹಾಕಿರುತ್ತಾರೆ. ತೆಗೆಯಿರಿ. ಇನ್ನೊಂದು, ಪೆನ್ ಡ್ರೈವ್ ತೆರೆದಾಗ ಫೋಲ್ಡರ್‌ಗಳೆಲ್ಲ ಮೂಲೆಯಲ್ಲಿ ಬಾಣದ ಗುರುತಿರುವ ಶಾರ್ಟ್‌ಕಟ್ ಆಗಿದ್ದರೆ, ಅದೊಂದು ಕಡೆ ಮಾತ್ರ ‘ವೈರಸ್ಸಾ?’ ಅನ್ನುವ ನಿಮ್ಮ ಅನುಮಾನ ಸರಿ. ಕ್ಲಿಕ್ ಮಾಡದೆ ಮೊದಲು ಸ್ಕ್ಯಾನ್ ಮಾಡಿ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಕೇಳಬೇಕಿತ್ತು. ಫೋಲ್ಡರ್ ತೊಂದರೆ ಕೊಟ್ಟಾಗ ಜನ ಪ್ರಾಪರ್ಟೀಸ್ ತೆರೆಯುತ್ತಾರೆ. ಅಲ್ಲಿ ‘ರೀಡ್ ಓನ್ಲಿ’ (ಓದಬಹುದು, ಬದಲಿಸುವಂತಿಲ್ಲ) ಅನ್ನುವುದರ ಎದುರು ಟಿಕ್ ಅಲ್ಲದ, ಖಾಲಿಯೂ ಅಲ್ಲದ ಒಂದು ತುಂಬಿದ ಚೌಕ ಕಾಣುತ್ತದೆ. ‘ಓಹೋ, ಸಿಕ್ಕಿತು ಕಳ್ಳ’ ಅಂತ ಅದನ್ನು ತೆಗೆದು ಅಪ್ಲೈ ಕೊಡುತ್ತಾರೆ. ಮುಚ್ಚಿ ಮತ್ತೆ ತೆರೆದರೆ ಚೌಕ ಅಲ್ಲೇ ಇದೆ. ಮತ್ತೆ ತೆಗೆಯುತ್ತಾರೆ, ಮತ್ತೆ ಇದೆ. ಅಡ್ಮಿನ್ ಖಾತೆಯಿಂದ ಬರುತ್ತಾರೆ. ಆಗಲೂ ಇದೆ.

ಆ ಚೌಕದ ಪಕ್ಕದಲ್ಲೇ ಬ್ರಾಕೆಟ್‌ನಲ್ಲಿ ‘ಫೋಲ್ಡರ್ ಒಳಗಿನ ಫೈಲ್‌ಗಳಿಗೆ ಮಾತ್ರ ಅನ್ವಯ’ ಅಂತ ಬರೆದಿದೆ. ಯಾರೂ ಓದುವುದಿಲ್ಲ. ತುಂಬಿದ ಚೌಕ ಅಂದರೆ ‘ಒಳಗಿನ ಫೈಲ್‌ಗಳ ಸ್ಥಿತಿ ಹೇಗಿದೆಯೋ ಹಾಗೇ ಇರಲಿ, ನಾನು ನೋಡಿಲ್ಲ’ ಅಂತ. ಹೊಚ್ಚ ಹೊಸ ಫೋಲ್ಡರ್ ಮಾಡಿ ನೋಡಿ, ಅದರಲ್ಲೂ ಇರುತ್ತದೆ.

ಹಾಗಾದರೆ ಫೋಲ್ಡರ್‌ಗೆ ನಿಜವಾಗಿ ರೀಡ್ ಓನ್ಲಿ ಗುರುತು ಇರುವುದೇ ಇಲ್ಲವಾ? ಇರುತ್ತದೆ, ಆದರೆ ಅದರ ಕೆಲಸ ಬೇರೆ. ‘ಇದು ಅಲಂಕಾರ ಮಾಡಿದ ಫೋಲ್ಡರ್, ಒಳಗಿರುವ ಡೆಸ್ಕ್‌ಟಾಪ್ ಡಾಟ್ ಐಎನ್ಐ ಫೈಲನ್ನು ಓದು’ ಅಂತ ಎಕ್ಸ್‌ಪ್ಲೋರರ್‌ಗೆ ಕೊಡುವ ಸನ್ನೆ ಅದು. ಫೋಲ್ಡರ್‌ಗೆ ನೀವು ಹಾಕಿದ ಬೇರೆ ಐಕಾನ್‌ನ ವಿವರ ಆ ಫೈಲ್‌ನಲ್ಲೇ ಇರುತ್ತದೆ. ಬ್ಯಾಕಪ್‌ನಿಂದಲೋ ಝಿಪ್‌ನಿಂದಲೋ ತೆಗೆಯುವಾಗ ಈ ಗುರುತು ಬಿಟ್ಟುಹೋದರೆ ಫೈಲ್ ಒಳಗೇ ಇದ್ದರೂ ಎಕ್ಸ್‌ಪ್ಲೋರರ್ ಅದನ್ನು ತಿರುಗಿಯೂ ನೋಡುವುದಿಲ್ಲ. ನೀವು ಆಸೆಪಟ್ಟು ಹಾಕಿದ ಐಕಾನ್ ಹೋಗಿ ಅದೇ ಹಳೇ ಹಳದಿ ಫೋಲ್ಡರ್ ಕೂತಿರುತ್ತದೆ. ಆಗ ಪ್ರಾಪರ್ಟೀಸ್‌ನ ಕಸ್ಟಮೈಸ್ ಪುಟಕ್ಕೆ ಹೋಗಿ ಐಕಾನನ್ನು ಮತ್ತೊಮ್ಮೆ ಆರಿಸಿದರೆ ಸಾಕು, ಗುರುತೂ ತಾನಾಗೇ ಬಂದು ಕೂರುತ್ತದೆ. ಐಕಾನ್ ಫೈಲ್ ಮಾತ್ರ ಪೆನ್ ಡ್ರೈವ್‌ನಲ್ಲಿ ಇರದ ಹಾಗೆ ನೋಡಿಕೊಳ್ಳಿ. ಡ್ರೈವ್ ಕಿತ್ತ ದಿನ ನೀವು ಹಾಕಿದ ಐಕಾನ್ ಮಾಯವಾಗುತ್ತದೆ, ನೀವು ಮತ್ತೆ ರಿಫ್ರೆಶ್ ಒತ್ತುತ್ತೀರಿ, ನನಗೆ ಮತ್ತೆ ಪತ್ರ ಬರುತ್ತದೆ.